ಹಾಜರಿಯಲ್ಲಿ ಬಿಟ್ಟ ಹೆಸರು

ಕೆರೆಬೆಳಗಲಿ, ಮಲಪ್ರಭೆಯ ದಂಡೆ
ಫೆಬ್ರವರಿ ೩೦, ೨೧೭೩

ಇಪ್ಪತ್ತೊಂದನೆಯ ಶತಮಾನದ ಓದುಗರಿಗೆ,

ತಾರೀಖನ್ನು ಕಂಡು ಕೆಂಪು ಪೆನ್ನು ತೆಗೆಯಬೇಡಿರಿ. ಪಂಚಾಂಗ ತಿದ್ದಿದ ಮೇಲೆ ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮೂವತ್ತೆಂಟು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು ನಾನು; ತಾರೀಖು ತಪ್ಪಿ ಬರೆಯುವ ಅಭ್ಯಾಸವಿಲ್ಲ. ನಡುವೆ ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮೆಯಿರಲಿ, ಅರ್ಥ ಹೇಳಿಯೇ ಮುಂದುವರಿಯುತ್ತೇನೆ. ಆದರೆ ಈ ಕಾಗದ ನಿಮ್ಮ ಕಾಲದಿಂದ ನಮಗೆ ಬಂದ ಒಂದು ಹಳೆಯ ಪದದ ಕುರಿತು: ಭಯೋತ್ಪಾದಕ. ಅದನ್ನು ಶಾಲೆಯ ನಿಘಂಟಿನಿಂದಲೂ ಊರಿನ ಎಲ್ಲ ಫಲಕಗಳಿಂದಲೂ ಅಳಿಸಬೇಕೇ ಎಂದು ನಾಳೆ ಊರಸಭೆ ತೀರ್ಮಾನಿಸಲಿದೆ. ಪೇಟೆಯ ಕಲ್ಲಿನ ಮೇಲೂ ಆ ಪದವಿದೆ. ಅದರ ಕೆಳಗೆ ನನ್ನ ಅಕ್ಕನ ಹೆಸರಿದೆ.

ನನ್ನ ಬಾಲ್ಯದ ಆ ಪೇಟೆಯನ್ನು ನೀವು ನೋಡಬೇಕಿತ್ತು. ಬಿಸಿಲು ಕೊಲ್ಲತೊಡಗಿದ ಮೇಲೆ ಊರ ನೇಕಾರರು ದಪ್ಪ ಬಟ್ಟೆ ನೇಯ್ದು ಮಾಳಿಗೆಯಿಂದ ಮಾಳಿಗೆಗೆ ಕಟ್ಟಿದ್ದರು; ಅಂಥ ಬೀದಿಗೆ ನೆರಳುಬೀದಿ ಎನ್ನುತ್ತೇವೆ. ಬಿಸಿಲನ್ನು ಹೀರಿ ವಿದ್ಯುತ್ತಾಗಿಸಿ ಆ ಬಟ್ಟೆಯೇ ಕೆಳಗಿನ ಅಂಗಡಿಗಳ ಫ್ಯಾನು ತಿರುಗಿಸುತ್ತಿತ್ತು. ಅದರಡಿ ಎಲ್ಲರ ಮುಖವೂ ಅರಿಶಿನ ಬಣ್ಣ. ಸಜ್ಜೆ ರೊಟ್ಟಿ ಸುಡುವ ವಾಸನೆ, ಗುರೆಳ್ಳು ಕುಟ್ಟುವ ಸದ್ದು, ಬಳೆಗಾರ್ತಿಯ ಮುಂದೆ ಕೈಚಾಚಿ ಕುಳಿತ ಅಕ್ಕ ಕಮಲಾಕ್ಷಿ. ಅವಳಿಗೆ ಹದಿನೈದು, ನನಗೆ ಒಂಬತ್ತು. ಎಡಗೈಗೆ ಹಸಿರು ಬಳೆ ತೊಟ್ಟಾಗಿತ್ತು. ಬಲಗೈಗೂ ಹಸಿರೇ ಬೇಕೋ, ಕೆಂಪೋ ಎಂದು ತೀರ್ಮಾನವಾಗಿರಲಿಲ್ಲ. “ನೀ ಮುಂದ ನಡಿಯವ್ವಾ, ರೊಟ್ಟಿ ಆರ್ತಾವು. ನಾ ಬಂದೇ ಬಂದೆ” ಎಂದಳು.

ಚುನಾವಣೆಗೆ ಎರಡು ದಿನವಿತ್ತು. ಹೆದರಿದ ಜನ ಮತ ಹಾಕಲು ಹೊರಬರಬಾರದೆಂದು ಒಂದು ಗುಂಪು ಅದೇ ಬೀದಿಯಲ್ಲಿ ಚೀಲದೊಳಗೆ ಸಿಡಿಮದ್ದು ತಂದಿಟ್ಟಿತ್ತು. ಅದು ಸಿಡಿದು ಅಕ್ಕನೂ ಸೇರಿ ಹನ್ನೊಂದು ಜನ ಸತ್ತರು. ಕಲ್ಲು ನೆಟ್ಟು, ಕೊಂದವರಿಗೆ ಆ ಪದವನ್ನೂ ಅದರ ಕೆಳಗೆ ಸತ್ತವರ ಹೆಸರುಗಳನ್ನೂ ಕೆತ್ತಿದರು. ಅದು ಅಲ್ಲಿಗೆ ತಕ್ಕ ಪದವೇ. ಆಗೆಲ್ಲ ಅದು ಅಪರೂಪದ್ದಾಗಿತ್ತು. ಹಿರಿಯರು ಅದನ್ನು ಉಚ್ಚರಿಸುವಾಗ ದನಿ ತಗ್ಗಿಸುತ್ತಿದ್ದರು.

ಮುಂದೆ ನಾನು ಶಿಕ್ಷಕಿಯಾದೆ, ನುಡಿಮೊಹರೂ ನನ್ನ ಕೈಗೆ ಬಂತು. ನಮ್ಮಲ್ಲಿ ಯಾವ ಸಾರ್ವಜನಿಕ ನೋಟೀಸನ್ನೂ ‘ಭಾಷೆ ಸರಿಯಿದೆ’ ಎಂದು ಹಿರಿಯ ಶಿಕ್ಷಕರು ಮೊಹರು ಒತ್ತದೆ ತೂಗುಹಾಕುವಂತಿಲ್ಲ. ಈ ಪದ್ಧತಿಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಹತ್ತೊಂಬತ್ತು ವರ್ಷಗಳ ಹಿಂದೆ, ಕಾಲುವೆಯ ತೂಬು ಕಾಯುವ ದುರುಗಪ್ಪ ತಳವಾರ ಮೂರು ದಿನ ಮಂಜುಗಡ್ಡೆ ಕಾರ್ಖಾನೆಯ ತೂಬು ಮುಚ್ಚಿ ನೀರನ್ನು ಕೆಳಗಿನ ಕೇರಿಗೆ ಬಿಟ್ಟ. ಆ ಕೇರಿಯಲ್ಲಿ ಕುಡಿಯಲು ನೀರಿರಲಿಲ್ಲ. ಯಾರಿಗೂ ಗಾಯವಾಗಲಿಲ್ಲ, ಮಂಜುಗಡ್ಡೆಯಷ್ಟೇ ಕರಗಿತು. ಮಾಡಿದ್ದು ನಿಯಮಭಂಗ, ಒಪ್ಪುತ್ತೇನೆ. ಆದರೆ ಊರಸಭೆಯ ಸಭಾಪತಿಗಳು ತಂದ ನೋಟೀಸಿನಲ್ಲಿ ಅವನನ್ನು ಆ ಪದದಿಂದ ಕರೆದಿತ್ತು. ‘ನಿಯಮ ಮುರಿದವನು’ ಎಂದರೆ ಸಾಲದೇ ಎಂದು ಕೇಳಿದೆ. “ಅದು ಸಪ್ಪಗ ಆಗ್ತದ್ರೀ ಅಕ್ಕೋರ, ಉಪ್ಪಿಲ್ಲದ ಸಾರಿನಂಗ. ಜನಕ್ಕ ನಾಟಬೇಕಲ್ರಿ” ಎಂದು ನಕ್ಕರು. ನಾನು ಎರಡು ವಾಕ್ಯಗಳನ್ನು ಬಿಗಿಗೊಳಿಸಿ, ಒಂದು ಅಲ್ಪವಿರಾಮ ಸೇರಿಸಿ, ಮೊಹರು ಒತ್ತಿದೆ. ನನ್ನ ಅಕ್ಕನನ್ನು ಕೊಂದವರ ಹೆಸರನ್ನು ನೀರು ಬಿಟ್ಟವನಿಗೆ ಕೊಟ್ಟೆ.

ಆ ಹೆಸರು ಹೊತ್ತವರಿಗೆ ಮೌನಶಿಕ್ಷೆ: ಆರು ವರ್ಷ ಆ ಮನೆಯವರನ್ನು ಯಾರೂ ಮಾತನಾಡಿಸುವಂತಿಲ್ಲ. ದುರುಗಪ್ಪನ ಮಗಳು ಭರಮವ್ವ ನನ್ನ ತರಗತಿಯಲ್ಲೇ ಇದ್ದಳು, ಕಿಟಕಿಯ ಪಕ್ಕದ ಬೆಂಚು. ಪ್ರತಿದಿನ ಹಾಜರಿ ಕರೆಯುವಾಗ ಅವಳ ಹೆಸರು ಬಂದಲ್ಲಿ ಕಣ್ಣು ಕೆಳಗಿನ ಸಾಲಿಗೆ ಜಾರಿಸುತ್ತಿದ್ದೆ. ಆದರೂ ಅವಳು ಪ್ರತಿದಿನ ಎದ್ದು ನಿಂತು, ಕುಳಿತುಕೊಳ್ಳುತ್ತಿದ್ದಳು. ನಾಲ್ಕನೆಯ ವರ್ಷ ದುರುಗಪ್ಪ ತೀರಿಕೊಂಡ. ಹೆಣ ಹೊರಲು ನಾಲ್ಕು ಜನ ಬಂದರು, ಮಾತಿಲ್ಲದೆ.

ಶಿಕ್ಷೆ ಮುಗಿದ ದಿನ ಭರಮವ್ವ ನನ್ನ ಮನೆಗೆ ಬಂದಳು. ಕುಳಿತುಕೋ ಎಂದೆ, ಕುಳಿತುಕೊಳ್ಳಲಿಲ್ಲ. “ನೋಟೀಸು ಭಾಳ ಚಂದ ತಿದ್ದಿದ್ರಿ, ಅಕ್ಕೋರ. ನಮ್ಮಪ್ಪಗ ಯಾರು ಅಂಜಿದ್ರು ಅಂತ ಅಷ್ಟ ಕೇಳಲಿಲ್ರಿ” ಎಂದಳು.

ಪದವನ್ನೇ ಅಳಿಸಬೇಕೆಂಬ ಠರಾವು ತಂದವಳು ಅವಳೇ. ಈಗ ಊರಸಭೆಯ ಸದಸ್ಯೆಯಾಗಿದ್ದಾಳೆ, ಸೊಗಸಾಗಿ ಬರೆಯುತ್ತಾಳೆ. ನಾಳೆ ನಾನು ಅವಳ ವಿರುದ್ಧ ಮಾತನಾಡಬೇಕು. ಅಕ್ಕನ ಕಲ್ಲು ಬೋಳಾಗಬಾರದು. ಆ ಚೀಲ ಇಟ್ಟವರನ್ನು ಕರೆಯಲು ಊರಿಗೆ ಒಂದು ಪದ ಉಳಿಯಬೇಕು. ಆದರೆ ಕಲ್ಲಿನ ಮೇಲೆ ಮೊದಲು ಕೃತ್ಯ ಇರಲಿ, ಯಾರು, ಯಾರಿಗೆ, ಏನು ಮಾಡಿದರು ಎಂದು. ಪದ ಅದರ ಕೆಳಗೆ ಬರಲಿ. ನಿಮ್ಮಲ್ಲಿಯೂ ಆ ಪದ ಹೊತ್ತ ಕಾಗದ ಎದುರಿಗೆ ಬಂದಾಗ, ಇಷ್ಟನ್ನು ಕೇಳದೆ ಮೊಹರು ಒತ್ತಬೇಡಿರಿ.

ಸಭೆಯ ಮೊದಲು ಸದಸ್ಯರ ಹಾಜರಿ ಕರೆಯುವ ಗೌರವ ಹಿರಿಯ ಶಿಕ್ಷಕಿಯದು. ಪಟ್ಟಿಯಲ್ಲಿ ಅವಳದು ಹದಿನಾಲ್ಕನೆಯ ಹೆಸರು. ಕ್ರಮ ತಪ್ಪಿಸುವುದು ನನಗೆ ಒಗ್ಗದ ಕೆಲಸ, ನಾಳೆ ತಪ್ಪಿಸುತ್ತೇನೆ. ನಿವೃತ್ತಳಾದರೂ ನನ್ನಲ್ಲೇ ಉಳಿದ ನುಡಿಮೊಹರನ್ನು ಮೇಜಿನ ಮೇಲಿಟ್ಟು, ಎದ್ದು ನಿಂತು, ಎಲ್ಲರಿಗಿಂತ ಮೊದಲು ಕರೆಯುತ್ತೇನೆ: ಭರಮವ್ವ ದುರುಗಪ್ಪ ತಳವಾರ.

ಅವಳು ಉತ್ತರ ಕೊಡುವವರೆಗೆ ಎರಡನೆಯ ಹೆಸರು ಕರೆಯುವುದಿಲ್ಲ.

ಇಂತಿ,
ಚಂಪಾವತಿ ಹಿರೇಕೊಪ್ಪ
ನಿವೃತ್ತ ಕನ್ನಡ ಶಿಕ್ಷಕಿ