ಹಸೀನಾ ನದಾಫ ಅವರೇ, ಒಮ್ಮೆ ಹಿಂತಿರುಗಿ ನೋಡಿ

ತಣಿವೂರು,
ಮೇ ತಿಂಗಳ ಐವತ್ತೆಂಟನೆಯ ದಿನ, 2193

ಮಾನ್ಯ ಹಸೀನಾ ನದಾಫ ಅವರಿಗೆ ಬಸಲಿಂಗವ್ವ ಕೋರಿ ಎಂಬವಳು ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಇದ್ಯಾವ ಮುದುಕಿಗೆ ಅರಳುಮರಳು ಎಂದು ಪತ್ರ ಮಡಚಿಡಬೇಡಿ. ನಮ್ಮಲ್ಲಿ ಮೊದಲ ಮಳೆ ಬೀಳುವವರೆಗೆ ಜೂನ್ ಶುರುವಾಗುವುದಿಲ್ಲ. ಮಳೆಯಿಲ್ಲದ ಜೂನನ್ನು ಜೂನ್ ಎಂದು ಕರೆಯಲು ನನ್ನ ಅಜ್ಜಿಯ ಕಾಲದವರಿಗೆ ಮನಸ್ಸು ಬರಲಿಲ್ಲವಂತೆ. ಅಂದಿನಿಂದ ಮೇ ತಿಂಗಳು ತನಗೆ ಬೇಕಾದಷ್ಟು ಉದ್ದವಾಗುತ್ತದೆ. ಒಂದು ವರ್ಷ ಅದು ತೊಂಬತ್ತು ದಾಟಿದ್ದೂ ಉಂಟು. ನನ್ನ ಭಾಷೆಯ ಬಗ್ಗೆಯೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪತ್ರಿಕೆಗಳ ಕ್ರೀಡಾಪುಟ ಓದಿ ಕಲಿತವಳು. ನಡುನಡುವೆ ಪಂದ್ಯದ ವರದಿಯಂತೆ ಕೇಳಿಸಿದರೆ ನಕ್ಕುಬಿಡಿ. ನಿಮಗೆ ಗೊತ್ತಿರದ ಮಾತುಗಳು ಬಂದಾಗ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನಾವು ನಿಮ್ಮ ಕಡೆಯವರೇ. ಸಿಂದಗಿಯ ಹತ್ತಿರದವರು. ಓಟ ಕಲಿಸುವುದು ನನ್ನ ಕೆಲಸ, ಮೊಮ್ಮಗಳು ಕಸ್ತೂರಿ ನನ್ನ ಕೊನೆಯ ಶಿಷ್ಯೆ. ಈ ಪತ್ರ ಅವಳಿಗಾಗಿ. ನೀವು ಇದನ್ನು ಓದುವಾಗ ಬಹುಶಃ ಇನ್ನೂ ಹೈಸ್ಕೂಲಿನಲ್ಲಿರುತ್ತೀರಿ, ಬೆಳಿಗ್ಗೆ ಎದ್ದು ಕೆರೆಯ ದಂಡೆಯ ಮೇಲೆ ಓಡುತ್ತಿರುತ್ತೀರಿ. ಮುಂದೆ ಒಂದು ದಿನ ಪರದೇಶದ ಅಂತರರಾಷ್ಟ್ರೀಯ ಕೂಟದಲ್ಲಿ ಒಂದೂವರೆ ಸಾವಿರ ಮೀಟರ್ ಓಡಿ ಜಗತ್ತಿನ ದಾಖಲೆ ಮುರಿಯುತ್ತೀರಿ. ಮೊದಲೇ ಹೇಳಿ ನಿಮ್ಮ ಸಂತೋಷದ ಮಜಾ ಕೆಡಿಸಿದೆನೇನೋ. ಆ ದಾಖಲೆ ಇವತ್ತಿನವರೆಗೂ ನಿಂತಿದೆ. ನನ್ನ ಕಷ್ಟವೂ ಅದೇ.

ನಾವು ಬದುಕುವ ರೀತಿಯನ್ನು ಸ್ವಲ್ಪ ಹೇಳದಿದ್ದರೆ ಉಳಿದದ್ದು ನಿಮಗೆ ತಿಳಿಯುವುದಿಲ್ಲ. ನಿಮ್ಮ ಹಿರಿಯರು ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರಲ್ಲ, ನಾವು ಅಂಥ ಹಗೇವುಗಳಲ್ಲೇ ಸಂಸಾರ ಹೂಡಿದ್ದೇವೆ. ಬಿಸಿಲೇರುವ ಮೊದಲು ಹಗೇವಿನ ಬಾಯಿ ಮುಚ್ಚಿ ಒಳಗೆ ಸೇರಿದರೆ ಮತ್ತೆ ತೆರೆಯುವುದು ಹೊತ್ತು ಮುಳುಗಿದ ಮೇಲೆ. ನಡುವಿನ ಹಗಲಿಗೆ ಮುಚ್ಚುಹೊತ್ತು ಎನ್ನುತ್ತೇವೆ. ಗಾಬರಿಯಾಗಬೇಡಿ, ರೊಟ್ಟಿ ಇನ್ನೂ ಇದೆ. ಶೇಂಗಾ ಚಟ್ನಿಯೂ ಇದೆ, ಖಾರ ಮಾತ್ರ ನಿಮ್ಮ ಕಾಲದಷ್ಟು ಇಲ್ಲವೆಂದು ನನ್ನ ಅಜ್ಜಿ ಸಾಯುವವರೆಗೂ ಗೊಣಗಿದಳು. ಮದುವೆ, ಜಗಳ, ಬೀಗರ ಮುನಿಸು ಎಲ್ಲವೂ ನೆಲದಡಿಯಲ್ಲೇ ಸಾಂಗವಾಗಿ ನಡೆಯುತ್ತವೆ. ನಡೆಯದಿರುವುದು ಉಸಿರೊಂದೇ. ಬಿಸಿಗಾಳಿ ಮತ್ತು ಧೂಳು ಒಟ್ಟಿಗೆ ಎದೆಗೆ ಕುಳಿತು ಬರುವ ಕಾಯಿಲೆಗೆ ನಾವು ಕಾವುಸಿರು ಎನ್ನುತ್ತೇವೆ. ಒಂದೊಂದು ಬೇಸಿಗೆಗೂ ಅದು ಎದೆಯೊಳಗೆ ಒಂದೊಂದು ಮೆಟ್ಟಿಲು ಇಳಿಯುತ್ತದೆ. ಕಸ್ತೂರಿಯ ತಾಯಿ, ಅಂದರೆ ನನ್ನ ಮಗಳು, ಅದರಲ್ಲೇ ಹೋದಳು. ಈಗ ಕಸ್ತೂರಿಗೂ ಶುರುವಾಗಿದೆ. ಇನ್ನೆರಡು ಬೇಸಿಗೆ ಹೊರಗೆ ಕಳೆದರೆ ತಾಯಿಯ ದಾರಿಯೇ ಎಂದು ವೈದ್ಯರು ಮುಖ ನೋಡದೆ ಹೇಳಿದರು.

ಇದಕ್ಕೆ ಮದ್ದಿಲ್ಲ, ಜಾಗವಿದೆ. ಸಹ್ಯಾದ್ರಿಯ ಹೊಟ್ಟೆ ಕೊರೆದು ಕಟ್ಟಿದ ತಣಿವೂರಿನ ಒಳಗೆ ನಿಮ್ಮ ಕಾಲದ ಗಾಳಿಯಿದೆ. ಆ ಕಾಲದ ಬೆಳಗಿನ ತಂಪು, ತೇವ ಎಲ್ಲವನ್ನೂ ಲೆಕ್ಕ ಹಾಕಿ ಮಾಡಿದ ಗಾಳಿ. ಇಂಥ ಊರುಗಳು ಜಗತ್ತಿನಲ್ಲಿ ಕೆಲವೇ ಇವೆ, ಎಲ್ಲರಿಗೂ ಸಾಲುವುದಿಲ್ಲ. ಹಾಗಾಗಿ ಒಳಗೆ ಯಾರು ಎಂಬುದಕ್ಕೆ ನಾನಾ ಬಾಗಿಲುಗಳನ್ನು ಮಾಡಿದ್ದಾರೆ, ಅವುಗಳಲ್ಲಿ ಒಂದು ಓಟದ ಬಾಗಿಲು. ದಾಖಲೆ ಮುರಿದವರಿಗೆ ಮತ್ತು ಅವರ ಮನೆಯವರೊಬ್ಬರಿಗೆ ಬದುಕಿರುವವರೆಗೂ ಒಳಗಿರುವ ಹಕ್ಕು. ನಾವು ಅದನ್ನು ನೆರಳಹಕ್ಕು ಎನ್ನುತ್ತೇವೆ. ಕೂಟಕ್ಕೆ ಬರಲು ಒಬ್ಬರಿಗೆ ಜೀವಮಾನದಲ್ಲಿ ಒಂದೇ ಅವಕಾಶ. ನನ್ನದೇನು, ನಾನು ಒಣಗಿದ ಕೊಬ್ಬರಿ, ಎಲ್ಲಿಟ್ಟರೂ ನಡೆಯುತ್ತದೆ. ಆ ಹುಡುಗಿ ಒಳಗುಳಿಯಬೇಕಿತ್ತು.

ಇನ್ನು ಜೊತೆಗಾತಿಯ ವಿಷಯ. ನೀವು ದಾಖಲೆ ಮಾಡುವ ದಿನ ಮೈದಾನದ ಸುತ್ತ ಇರುವ ಕ್ಯಾಮೆರಾಗಳ ಚಿತ್ರಗಳನ್ನೆಲ್ಲ ಸೇರಿಸಿ, ನಿಮ್ಮ ಓಟವನ್ನು ಬೆಳಕಿನಲ್ಲಿ ಮತ್ತೆ ಮಾಡಿದ್ದಾರೆ. ಮುಟ್ಟಿದರೆ ಕೈಗೆ ಸಿಗದ, ನೋಡಿದರೆ ಥೇಟ್ ನೀವೇ ಆದ ಒಂದು ಆಕೃತಿ. ನೀವು ಅಂದು ಹೆಜ್ಜೆ ಇಟ್ಟಲ್ಲೇ ಅದೂ ಹೆಜ್ಜೆ ಇಡುತ್ತದೆ, ನೀವು ಕಿವಿಯೋಲೆ ಮುಟ್ಟಿಕೊಂಡ ತಿರುವಿನಲ್ಲೇ ಮುಟ್ಟಿಕೊಳ್ಳುತ್ತದೆ. ಅದನ್ನೇ ಜೊತೆಗಾತಿ ಎನ್ನುವುದು. ಪ್ರತಿ ದಾಖಲೆಗೂ ಇಂಥದೊಂದು ಇದೆ, ಅದರ ಪಕ್ಕದಲ್ಲಿ ಓಡಿ ಅದನ್ನು ದಾಟಬೇಕು. ನಮ್ಮ ಊರಿನ ಹಳೆಯ ಗೋದಾಮಿನ ಓಟದ ಹಾದಿಗೂ ನಿಮ್ಮ ಬೆಳಕನ್ನು ತರಿಸಿದ್ದೆವು. ತಾಯಿ ಸತ್ತ ವಾರವೇ ಕಸ್ತೂರಿ ನಿಮ್ಮ ಹಿಂದೆ ಓಡಲು ಶುರುಮಾಡಿದಳು. ನಿಮ್ಮನ್ನು ಹಸೀನಕ್ಕ ಎನ್ನುತ್ತಾಳೆ. ಮನೆಯಲ್ಲಿ ನನಗೆ ಹೇಳದ್ದನ್ನೆಲ್ಲ ಓಡುತ್ತ ನಿಮಗೆ ಹೇಳುತ್ತಿದ್ದಳು. ಮೊದಮೊದಲು ನೀವು ಅವಳನ್ನು ಎಲ್ಲೋ ಹಿಂದೆ ಬಿಟ್ಟು ಹೋಗುತ್ತಿದ್ದಿರಿ. ವರ್ಷ ಕಳೆದಂತೆ ಅವಳು ಹತ್ತಿರ ಬಂದಳು, ಆಮೇಲೆ ಪಕ್ಕಕ್ಕೇ ಬಂದಳು. ಆ ದಿನ ನಾನು ಇಡೀ ಓಣಿಗೆ ಸಕ್ಕರೆ ಹಂಚಿದೆ.

ಕೂಟ ನಡೆದದ್ದು ಈ ವಾರ. ನಿಮ್ಮ ಕಾಲದವರು ಈ ಕೂಟ ನೋಡಿದ್ದರೆ ಹುಚ್ಚರಂತೆ ಕುಣಿಯುತ್ತಿದ್ದರು. ಕಾಲಿಟ್ಟಲ್ಲೆಲ್ಲ ದಾಖಲೆ ಮುರಿಯಿತು. ಜಮೈಕಾದ ತೇಲುಮನೆಗಳಿಂದ ಬಂದ ಹುಡುಗಿ ಉದ್ದಜಿಗಿತದಲ್ಲಿ ಮರಳುಗುಂಡಿಯ ಆಚೆಯ ಅಂಚಿನ ಹತ್ತಿರ ಹೋಗಿ ಬಿದ್ದಳು. ಪೆರುವಿನ ಒಬ್ಬ ಯುವಕ ಕೋಲು ಹಿಡಿದು ಹಾರಿದ್ದು ನೋಡಿ, ಇವನು ಇನ್ನು ಇಳಿಯುವುದಿಲ್ಲವೇನೋ ಅನ್ನಿಸಿತು. ಫಿನ್ಲೆಂಡಿನ ಗುಂಡೆಸೆತದವಳು ತನ್ನದೇ ದಾಖಲೆಯನ್ನು ಅದೇ ಸಂಜೆ ಮತ್ತೆ ಮುರಿದಳು. ನಿಮ್ಮ ಹಳೆಯ ಚಿತ್ರಗಳಲ್ಲಿ ಗೆದ್ದವರು ಆಕಾಶ ನೋಡುತ್ತಾರೆ, ಬಾವುಟ ಹೊದ್ದು ಓಡುತ್ತಾರೆ. ನಮ್ಮವರು ಹಾಗಲ್ಲ. ಆ ಪೆರುವಿನ ಹುಡುಗ ಕೆಳಗೆ ಬಿದ್ದ ಕೂಡಲೇ ಎದ್ದು, ಮೈದಾನಕ್ಕೂ ನೋಡುಗರಿಗೂ ನಡುವಿನ ಗಾಜಿನಾಚೆ ತಾಯಿ ಎಲ್ಲಿ ನಿಂತಿದ್ದಾಳೆಂದು ಹುಡುಕಿದ. ಇಷ್ಟೊಂದು ದಾಖಲೆ ಹೇಗೆ ಮುರಿಯುತ್ತವೆ ಎಂದು ನೀವು ಕೇಳಬಹುದು. ನಿಮ್ಮವರು ಪದಕಕ್ಕೆ ಓಡುತ್ತಿದ್ದರು. ಇವರು ಮನೆಯವರನ್ನು ಒಳಗೆ ತರಲು ಓಡುತ್ತಾರೆ.

ಕಸ್ತೂರಿಯ ಓಟ ಕೊನೆಯ ದಿನವಿತ್ತು. ಒಳಗಿನ ಗಾಳಿಯಲ್ಲಿ ನಾಲ್ಕು ದಿನ ಕಳೆದು ಅವಳ ಎದೆಯ ಸಿಳ್ಳು ನಿಂತಿತ್ತು. ನಿದ್ದೆಯಲ್ಲಿ ಉಸಿರಿನ ಸದ್ದೇ ಇಲ್ಲವೆಂದು ನಾನು ಹೆದರಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದ್ದೆ. ಓಟ ಶುರುವಾದಾಗ ಅವಳು ನಿಮ್ಮ ಹಿಂದೆಯೇ ಹೊರಟಳು, ಎರಡನೆಯ ಸುತ್ತಿಗೆ ಉಳಿದವರೆಲ್ಲ ದೂರವಾದರು. ಕೊನೆಯ ಸುತ್ತಿನಲ್ಲಿ ನೀವಿಬ್ಬರೇ. ಕೊನೆಯ ನೇರ ಹಾದಿಗೆ ಬಂದಾಗ ಅವಳು ನಿಮ್ಮ ಹೆಗಲಿಗೆ ಹೆಗಲು ಕೊಟ್ಟಿದ್ದಳು. ಅವಳ ಹೆಜ್ಜೆ ನನಗೆ ಗೊತ್ತು, ಕಾಲಲ್ಲಿ ಇನ್ನೂ ಓಟವಿತ್ತು, ಉಸಿರೂ ಇತ್ತು. ನಾನು ಗಾಜಿಗೆ ಮುಖ ಒತ್ತಿ ಕೂಗಿದೆ. ಗಾಜು ದಪ್ಪ, ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಕೂಗಿದೆ. ಅವಳು ದಾಟಲಿಲ್ಲ. ನಿಮ್ಮ ಪಕ್ಕದಲ್ಲೇ, ನಿಮ್ಮ ಹೆಜ್ಜೆಗೆ ಹೆಜ್ಜೆ ಹಾಕಿ ಗೆರೆ ಮುಟ್ಟಿದಳು.

ಫಲಕದಲ್ಲಿ 'ಸರಿಸಮ' ಎಂದು ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನನಗೂ ಒಂದು ಗಳಿಗೆ ಗೆದ್ದೆವು ಅನ್ನಿಸಿತು. ಆಮೇಲೆ ತೀರ್ಪುಗಾರ ಬಂದ, ಮೈಸೂರಿನ ಕಡೆಯ ಒಳ್ಳೆಯ ಮನುಷ್ಯ, ಪಾಪ, ಅವನ ಕಣ್ಣೇ ಒದ್ದೆಯಾಗಿತ್ತು. "ಸರಿಗಟ್ಟೋದು ಮುರಿಯೋದಲ್ಲಮ್ಮ. ಹಳೇ ಹೆಸರೇ ಉಳಿಯುತ್ತೆ. ನನ್ ಕೈಲಿ ಏನೂ ಇಲ್ಲ," ಎಂದ. ಅವನ ಕೈಯಲ್ಲಿ ಏನೂ ಇಲ್ಲವೆಂಬುದು ನಿಜ. ನನ್ನ ಕೈಯಲ್ಲೂ ಇರಲಿಲ್ಲ. ಅವನಿಗೆ ಕೈಮುಗಿದು ಬಂದೆ.

ಕಸ್ತೂರಿ ಅಳಲಿಲ್ಲ. ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದಳು. "ಯಾಕವಾ ತಡದಿ? ಕಾಲಾಗ ಶಕ್ತಿ ಇತ್ತಲ್ಲ," ಎಂದೆ. "ಇತ್ತು ಆಯಿ," ಎಂದಳು. ಬೂಟಿನ ದಾರ ಬಿಚ್ಚುತ್ತ ಆಮೇಲೆ ಹೇಳಿದಳು: "ಆಕಿನ್ನ ದಾಟಿದ್ರ ಮುಂದ ಯಾರೂ ಇರಾಂಗಿಲ್ಲಲ್ಲ. ಬರೇ ಹಾದಿ ಕಂಡಂಗಾತು. ಅಂಜಿಕಿ ಬಂತು." ನನಗೆ ಸಿಟ್ಟು ಬಂತು, ಎರಡೇಟು ಹಾಕಬೇಕೆನ್ನಿಸಿತು, ಅಪ್ಪಿಕೊಂಡು ಅತ್ತುಬಿಟ್ಟೆ. ಎಂಟು ವರ್ಷದ ಮಗುವಾಗಿದ್ದಾಗಿನಿಂದ ಅವಳು ಒಂದು ದಿನವೂ ನಿಮ್ಮ ಮುಂದೆ ಓಡಿದವಳಲ್ಲ. ತಾಯಿ ಹೋದ ಮೇಲೆ ಅವಳ ಕಣ್ಣ ಮುಂದೆ ದಿನವೂ ಇದ್ದವರು ನೀವು. ಬಿಟ್ಟು ಮುಂದೆ ಹೋಗು ಎಂದರೆ ಹೇಗೆ ಹೋದಾಳು?

ನಮ್ಮಲ್ಲಿ ಹಿಂಟಪಾಲು ಎಂಬ ಒಂದು ವ್ಯವಸ್ಥೆ ಇದೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಪ್ರತಿಯೊಬ್ಬರೂ ಜೀವಮಾನದಲ್ಲಿ ಒಂದು ಪತ್ರ ಹಾಕಬಹುದು. ನಾನು ನನ್ನ ಮಗಳಿಗೆ ಬರೆಯಬೇಕೆಂದು ಇಷ್ಟು ವರ್ಷ ಉಳಿಸಿಕೊಂಡಿದ್ದೆ. ಇಲ್ಲಿನ ಅಂಚೆಮನೆಯ ಗುಮಾಸ್ತೆ ನಮ್ಮ ಕಡೆಯವಳೇ. "ಹೋಗತೈತಿ ಆಯಿ, ಆದ್ರ ಮುಟ್ಟತೈತೋ ಇಲ್ಲೋ ಯಾರೂ ಬಂದು ಹೇಳಿಲ್ಲ," ಎಂದು ಕಾಗದ ಕೊಟ್ಟಳು. ಮೊದಲು ನಾನು ಬರೆದದ್ದು ಇಷ್ಟೇ: ತಾಯೀ, ನಿಮ್ಮ ಓಟದ ಕೊನೆಯಲ್ಲಿ ಒಂದು ಚೂರು ನಿಧಾನ ಮಾಡಿ. ಹೇಗೂ ನಿಮಗೆ ಚಿನ್ನ ಬರುತ್ತದೆ, ನಿಮ್ಮ ಹಿಂದೆ ಯಾರೂ ಹತ್ತಿರವಿಲ್ಲ. ದಾಖಲೆಯೊಂದು ತಪ್ಪಿದರೆ ನಿಮ್ಮ ಮನೆಯವರೇನೂ ಉಪವಾಸ ಬೀಳುವುದಿಲ್ಲ. ಇಷ್ಟು ಬರೆದು ಓದಿ ನೋಡಿದೆ. ಆಗ ಹೊಳೆಯಿತು. ನೀವು ನಿಧಾನ ಮಾಡಿದರೆ ಅವಳೂ ನಿಧಾನ ಮಾಡುತ್ತಾಳೆ. ನೀವು ಹಾರಿದರೆ ಅವಳೂ ಹಾರುತ್ತಾಳೆ. ಹೇಗೆ ಓಡಿದರೂ ಫಲಕದಲ್ಲಿ ಸರಿಸಮ ಎಂದೇ ಬರುತ್ತದೆ. ಆ ಕಾಗದ ಹರಿದು ಹಾಕಿದೆ, ಗುಮಾಸ್ತೆ ಕರುಣೆಯಿಂದ ಇನ್ನೊಂದು ಕೊಟ್ಟಳು.

ಹಾಗಾಗಿ ನನ್ನ ಕೋರಿಕೆ ಬೇರೆ. ನೀವು ಎಷ್ಟು ಜೋರಾಗಿ ಬೇಕಾದರೂ ಓಡಿ. ದಾಖಲೆ ಮಾಡಿ, ನಿಮ್ಮ ಊರಲ್ಲಿ ಮೆರವಣಿಗೆ ಆಗಲಿ. ಕೊನೆಯ ನೇರದಲ್ಲಿ ಮಾತ್ರ, ಗೆರೆಗೆ ಇನ್ನು ಸ್ವಲ್ಪ ದೂರವಿರುವಾಗ, ಒಮ್ಮೆ ಬಲಗಡೆ ಹಿಂತಿರುಗಿ ನೋಡಿ. ನಿಮಗೆ ಅಲ್ಲಿ ಯಾರೂ ಕಾಣುವುದಿಲ್ಲ, ಆದರೂ ನೋಡಿ. ಮತ್ತೆ ಕೈಯಿಂದ ಮುಂದಕ್ಕೆ ತೋರಿಸಿ, ಮನೆಯ ಹೊಸಿಲಲ್ಲಿ ನಿಂತು ಮಗುವನ್ನು ಶಾಲೆಗೆ ಕಳಿಸುವವರು ತೋರಿಸುವಂತೆ. ನಿಮ್ಮ ಬೆಳಕೂ ಹಾಗೆಯೇ ಮಾಡುತ್ತದೆ. ನೀವು ಹೋಗು ಎಂದರೆ ಅವಳು ಹೋಗುತ್ತಾಳೆ. ನಾನು ಹೇಳಿದರೆ ಕೇಳುವುದಿಲ್ಲ, ನೀವು ಹೇಳಿದರೆ ಕೇಳುತ್ತಾಳೆ.

ಈಗ ಮುಚ್ಚುಹೊತ್ತು. ಸೋತವರನ್ನು ಊರಿಗೆ ಕರೆದೊಯ್ಯುವ ಬಸ್ಸು ಹೊತ್ತು ಮುಳುಗುತ್ತಲೇ ಹೊರಡುತ್ತದೆ. ಅತಿಥಿಗಳ ಕೋಣೆಯ ಕಿಟಕಿಯಿಂದ ಮೈದಾನ ಕಾಣುತ್ತದೆ, ನೋಡಲು ಬಂದವರಿಗಾಗಿ ಅಲ್ಲಿ ಹಳೆಯ ಬೆಳಕುಗಳನ್ನು ಓಡಿಸುತ್ತಿರುತ್ತಾರೆ. ಮೇಲಿನದನ್ನು ಬರೆದು ಪೆನ್ನು ಕೆಳಗಿಟ್ಟು ನಾನು ಕಿಟಕಿಗೆ ಹೋಗಿ ನಿಂತೆ. ನಾನಿನ್ನೂ ಹಾಕದ ಈ ಪತ್ರವೂ ನಿಮ್ಮ ಕಾಲಕ್ಕೆ ಮುಟ್ಟುವುದಿದ್ದರೆ ಯಾವಾಗಲೋ ಮುಟ್ಟಿ ಆಗಿರಬೇಕಲ್ಲವೇ? ನಿಮ್ಮ ಸರದಿ ಬಂತು. ಕಸ್ತೂರಿಯೂ ಎದ್ದು ಬಂದು ಪಕ್ಕದಲ್ಲಿ ನಿಂತಳು. "ಹಸೀನಕ್ಕ ಎಷ್ಟ ಚಂದ ಓಡ್ತಾಳ ನೋಡ ಆಯಿ," ಎಂದಳು. ತಿರುವಿನಲ್ಲಿ ನೀವು ಕಿವಿಯೋಲೆ ಮುಟ್ಟಿಕೊಂಡಿರಿ. ಕೊನೆಯ ನೇರಕ್ಕೆ ಬಂದಿರಿ. ನಾನು ಕಿಟಕಿಗೆ ಮುಖ ಒತ್ತಿದೆ. ನೀವು ತಿರುಗಲಿಲ್ಲ.

ಕೆಳಗೆ ಬಸ್ಸು ಬಂದು ನಿಂತಿದೆ, ಹೆಸರು ಕೂಗುತ್ತಿದ್ದಾರೆ. ಕಸ್ತೂರಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಾಳೆ. ಪತ್ರವನ್ನು ಹೋಗುವ ದಾರಿಯಲ್ಲಿ ಹಾಕಿಯೇ ಹಾಕುತ್ತೇನೆ, ಬೇರೇನು ಮಾಡಲಿ? ಇದು ನಿಮಗೆ ಮುಟ್ಟಲಿಲ್ಲವೋ, ಅಥವಾ ಓದಿಯೂ ನೀವು ಹಾಗೇ ಓಡಿದಿರೋ, ನನಗೆ ತಿಳಿಯುವುದಿಲ್ಲ. ಓದಿಯೂ ಓಡಿದ್ದರೆ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ತಾಯಿ. ಓಡುವಾಗ ಯಾರು ಕರೆದರೂ ಹಿಂತಿರುಗಿ ನೋಡಬಾರದೆಂದು ನಾನೂ ನನ್ನ ಮಕ್ಕಳಿಗೆಲ್ಲ ಕಲಿಸಿದ್ದೇನೆ.

ನಿಮ್ಮ,
ಬಸಲಿಂಗವ್ವ