ಬೂಸಾ ಚೀಲದ ಕಾದಂಬರಿಗಳು

ಬೂದಿಕೋಟೆ
೧೪ ಜುಲೈ ೨೦೨೫, ಸೋಮವಾರ

ಮುದ್ದು ಮಗಳು ಕಲ್ಪನಳಿಗೆ,

ನಿನ್ನ ಅಮ್ಮನ ಆಶೀರ್ವಾದಗಳು, ಜೊತೆಗೆ ಒಂದು ಬೂಸಾ ಚೀಲದ ತುಂಬ ಕಾದಂಬರಿಗಳು.

ಈ ಕಾಗದ ಯಾರು ಬರೆದದ್ದು ಎಂದು ಹಿಂದೆ ಮುಂದೆ ತಿರುಗಿಸಿ ನೋಡಬೇಡ. ನಾನೇ ಬರೆದದ್ದು. ನಿಮ್ಮಪ್ಪನ ಕೈಯಲ್ಲಿ ಬರೆಸಿಲ್ಲ, ಪಕ್ಕದ ಮನೆಯವರನ್ನೂ ಕೇಳಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ಅಮ್ಮ, ಅದೂ ಪುಸ್ತಕದ ಕನ್ನಡದಲ್ಲಿ ಹೇಗಪ್ಪಾ ಬರೆದಳು ಎಂದು ನೀನು ಬಾಯಿ ಬಿಡುತ್ತಿರಬೇಕು. ಮಾತಾಡುವಾಗ ನಾನು ಅದೇ ಬೂದಿಕೋಟೆಯವಳು. ಪೆನ್ನು ಹಿಡಿದರೆ ಮಾತ್ರ ಕಾದಂಬರಿಯ ನಾಯಕಿ ಆಗಿಬಿಡುತ್ತೇನೆ. ಏನು ಮಾಡಲಿ, ನನಗೆ ಅಕ್ಷರ ಕಲಿಸಿದವಳೇ ಅವಳು. ಒತ್ತಕ್ಷರ ತಪ್ಪಿದ್ದರೆ ನಗು, ಆದರೆ ಮಲಗಿಕೊಂಡೇ ನಗು.

ಹೇಗೆ ಕಲಿತೆ ಎಂದು ಹೇಳುತ್ತೇನೆ. ನೀನು ಕಾಲೇಜಿಗೆ ಹೋಗುತ್ತಿದ್ದಾಗ ಸಂಜೆ ನಾನು ಹಾಲು ಕರೆಯುತ್ತಿದ್ದೆ, ನೀನು ಮೇವಿನ ಹೊರೆಯ ಮೇಲೆ ಕೂತು ‘ಚಂದ್ರವಂಕಿ’ ಕಾದಂಬರಿಯನ್ನು ನನಗೆ ಕೇಳುವಂತೆ ಓದುತ್ತಿದ್ದೆ. ನೆನಪಿದೆಯಾ? ಸುಹಾಸಿನಿ ಮಳೆಯಲ್ಲಿ ನಿಂತಿದ್ದಾಳೆ, ವಿಕ್ರಾಂತನ ಕಾರು ಬರುತ್ತದೆ, ಅವನಿಗೆ ಅವಳ ಗುರುತೇ ಸಿಗುವುದಿಲ್ಲ. ಅಲ್ಲಿಗೆ ನಿಲ್ಲಿಸಿ, ಬೂಸಾ ಚೀಲದ ಚೀಟಿಯನ್ನು ಗುರುತಿಗೆ ಇಟ್ಟು, ನೀನು ಚಪ್ಪರದ ಕೆಳಗೆ ಹೋಗಿ ಕೂತೆ. ಬಾಲಾಜಿ ತಾಳಿ ಕಟ್ಟಿ ನಿನ್ನನ್ನು ರಾಬರ್ಟ್‌ಸನ್‌ಪೇಟೆಗೆ ಕರೆದುಕೊಂಡು ಹೋದ. ಮಗಳನ್ನು ಕಳಿಸಿದ ಸಂಕಟ ಒಂದು ಕಡೆ, ಆ ಹುಡುಗಿ ಮಳೆಯಲ್ಲೇ ನಿಂತಿದ್ದಾಳಲ್ಲ ಎನ್ನುವ ಸಂಕಟ ಇನ್ನೊಂದು ಕಡೆ. ಯಾರ ಹತ್ತಿರ ಹೇಳಿಕೊಳ್ಳಲಿ?

ನಿಮ್ಮಪ್ಪನನ್ನು ಓದಿ ಹೇಳಿ ಎಂದು ಕೇಳಿದೆ. “ಇಂಥವೆಲ್ಲಾ ಓದಾಕೆ ನಂಗೇನು ತಲೆ ಕೆಟ್ಟದಾ?” ಅಂದರು. ಸರಿ, ನಾನೇ ಪುಸ್ತಕ ತೆರೆದೆ. ನೀನು ಓದಿದ್ದ ಮೊದಲ ಪುಟಗಳು ನನಗೆ ಬಾಯಿಪಾಠವಾಗಿದ್ದವಲ್ಲ, ಆ ಮಾತುಗಳನ್ನು ಹೇಳಿಕೊಳ್ಳುತ್ತಾ ಬೆರಳಿಟ್ಟು ಅಕ್ಷರಗಳನ್ನು ಹುಡುಕಿದೆ. ಮೊದಲು ಸಿಕ್ಕಿದವನು ವಿಕ್ರಾಂತ. ಪುಟಪುಟಕ್ಕೂ ಅವನೇ ಇದ್ದ, ತಪ್ಪಿಸಿಕೊಳ್ಳಲು ಎಲ್ಲಿ ಹೋಗುತ್ತಾನೆ? ‘ಸೀನಪ್ಪ’ ಎಂದು ಓದಲು ಬಂದದ್ದು ಎಷ್ಟೋ ದಿನಗಳ ಮೇಲೆ, ರೇಷನ್ ಕಾರ್ಡಿನಲ್ಲಿ. ಅದಕ್ಕೆ ನಿಮ್ಮಪ್ಪನಿಗೆ ಇವತ್ತಿಗೂ ಸಿಟ್ಟಿದೆ.

ಗುರುತಿನ ಚೀಟಿಯ ಆಚೆಗಿನ ಮೊದಲ ಸಾಲನ್ನು ಓದಿದ ದಿನ ನಾನು ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು ಅತ್ತೆ. ಅಲ್ಲಿಂದ ಮುಂದೆ ನನಗೆ ಯಾರೂ ಓದಿ ಹೇಳಿರಲಿಲ್ಲ. ಅದು ನಾನೇ ಓದಿದ್ದು. ಇಷ್ಟು ದಿನ ನಿನಗೆ ಯಾಕೆ ಹೇಳಲಿಲ್ಲ ಅಂದರೆ, ತಡವರಿಸದೆ ಓದುವಂತಾಗಲಿ ಎಂದು ಕಾಯುತ್ತಿದ್ದೆ. ಆಮೇಲೆ, ಪ್ರೇಮದ ಕಥೆಗಾಗಿ ಅಕ್ಷರ ಕಲಿತಳಂತೆ ಎಂದು ಜನ ಆಡಿಕೊಳ್ಳುತ್ತಾರೆ ಎನ್ನುವ ನಾಚಿಕೆಯೂ ಇತ್ತು. ಈಗ ಅದೆಲ್ಲ ಇಲ್ಲ. ಈಗ ಡೈರಿಯ ಮುಂದೆ ಹಾಲು ಹಾಕಲು ನಿಂತ ಹೆಂಗಸರಿಗೆ ಓದಿ ಹೇಳುವವಳು ನಾನೇ. ನಾನು ಬರುವುದು ತಡವಾದರೆ ಅವರು ಹಾಲು ಅಳೆಸಿಯೂ ಮನೆಗೆ ಹೋಗುವುದಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಮೊನ್ನೆ ಬಾಲಾಜಿ ಫೋನ್ ಮಾಡಿದ್ದ. “ಅತ್ತೆ, ಇವ್ಳು ಮಾತೇ ಕೇಳ್ತಿಲ್ಲ. ನಾನು ಅಂಗಡಿಗೆ ಬಂದೇಟಿಗೆ ಎದ್ದು ಒಲೆ ಮುಂದೆ ನಿಂತ್ಕೋತಾಳಂತೆ. ನೀವಾದ್ರೂ ಒಂದ್ಮಾತು ಏಳಿ” ಅಂದ. ಬಸಿರು ಜಾರದಂತೆ ಹೊಲಿಗೆ ಹಾಕಿದ ಡಾಕ್ಟರಮ್ಮ ಅಷ್ಟು ಬಿಡಿಸಿ ಹೇಳಿದ್ದಾರೆ, ಹೆರಿಗೆಯ ತನಕ ಮಂಚ ಬಿಟ್ಟು ಇಳಿಯಬಾರದು ಎಂದು. ನಮ್ಮ ಮನೆಗೇ ಕರೆತರೋಣ ಅಂದರೆ ಬಸ್ಸೂ ಬೇಡ, ಆಟೋನೂ ಬೇಡ ಅಂದುಬಿಟ್ಟರು. ನಾನೇ ಬಂದು ಇರೋಣ ಅಂದರೆ ಇಲ್ಲಿ ಎರಡು ಹಸು ಒಟ್ಟಿಗೆ ಈದಿವೆ. ಹೋದ ಸಲ ಐದನೇ ತಿಂಗಳಲ್ಲಿ ಏನಾಯಿತೋ ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ಅತ್ತೆ ಕೆಲಸ ಮಾಡುತ್ತಿರುವಾಗ ಸೊಸೆ ಮಲಗಿರುವುದು ಹೇಗೆ ಎಂದು ನಿನಗೆ ಸಂಕೋಚ. ಕಥೆ ಪುಸ್ತಕವಾದರೂ ಓದು ಎಂದು ನಾನು ಫೋನಿನಲ್ಲಿ ಹೇಳಿದರೆ, “ಅವೆಲ್ಲಾ ಓದೋ ವಯಸ್ಸೇನಮ್ಮಾ ಈಗ? ಓದಿದ್ರೆ ಏನಾದ್ರೂ ಉಪ್ಯೋಗಕ್ಕೆ ಬರೋದು ಓದ್ಬೇಕು” ಅಂದೆ ನೀನು. ಉಪಯೋಗದ ಪುಸ್ತಕ ಯಾರನ್ನೂ ಮಂಚದ ಮೇಲೆ ಹಿಡಿದು ಕೂರಿಸುವುದಿಲ್ಲ ಮಗಳೇ. ಎರಡು ಪುಟಕ್ಕೆ ಆಕಳಿಕೆ ಬಂದು ನೀನು ಎದ್ದು ಪಾತ್ರೆ ತೊಳೆಯಲು ಹೋಗುತ್ತೀಯ. ನಿನಗೆ ಬೇಕಾದದ್ದು ದಪ್ಪ ಪುಸ್ತಕ, ಮುಗಿಯದ ಪುಸ್ತಕ, ಅನ್ನ ತಣ್ಣಗಾದರೂ ಕೆಳಗಿಡಲು ಮನಸ್ಸು ಬಾರದ ಪುಸ್ತಕ. ಅಂಥವನ್ನೇ ಆರಿಸಿದ್ದೇನೆ. ಬಂಗಾರಪೇಟೆಯಲ್ಲಿ ಹಳೆ ಪುಸ್ತಕ ಮಾರುವ ಕುಪ್ಪುಸ್ವಾಮಿ, “ಏನಮ್ಮಾ, ಲೈಬ್ರರಿ ಇಕ್ತೀಯಾ?” ಎಂದು ಕೇಳಿದ. ಹೌದು, ಮಗಳಿಗೆ ಅಂದೆ.

ಮೊದಲು ‘ನೂರೊಂದು ಮುನಿಸು’ ಓದು. ಹೆಸರಿಗೆ ಮೋಸವಿಲ್ಲ, ಮುನಿಸು ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದು ಮುನ್ನೂರು ಪುಟ ಮಾತಾಡುವುದಿಲ್ಲ. ಆಮೇಲೆ ಅವನು ಒಂದು ಲೋಟ ಕಾಫಿ ತಂದುಕೊಡುತ್ತಾನೆ ನೋಡು, ನನಗೆ ಮೈ ಜುಂ ಅಂದಿತು. ಅದು ತೀರಾ ದಪ್ಪವೆಂದು ನಾವು ಡೈರಿಯ ಹೆಂಗಸರು ಹೊಲಿಗೆ ಬಿಚ್ಚಿ ಬೇರೆ ಬೇರೆ ಕಟ್ಟು ಮಾಡಿ ಹಂಚಿಕೊಂಡಿದ್ದೆವು. ಎದುರು ಮನೆಯ ವೆಂಕಟರತ್ನಮ್ಮ ಮೂರನೇ ಕಟ್ಟು ಬಿಟ್ಟು ಐದನೆಯದನ್ನು ಮೊದಲು ಓದಿ, ಮದುವೆಗೆ ಮುಂಚೆಯೇ ಮಗು ಎತ್ತಿಕೊಂಡು ನಿಂತವಳಲ್ಲ ಎಂದು ನಾಯಕಿಯನ್ನು ಊರೆಲ್ಲ ಬೈದುಕೊಂಡು ತಿರುಗಿದಳು. ಆಮೇಲೆ ಮೂರನೆಯದು ಓದಿ, ನಡೆದಿದ್ದ ಮದುವೆಯನ್ನು ಕಂಡು, “ಅಯ್ಯೋ ತಾಯಿ, ತಪ್ಪಾಯ್ತು ಕಣಮ್ಮಾ” ಎಂದು ಪುಸ್ತಕಕ್ಕೇ ಕೈ ಮುಗಿದಳು. ನಿನಗೆ ಹಾಗಾಗಬಾರದೆಂದು ಕಟ್ಟುಗಳ ಮೇಲೆ ಅಂಕಿ ಬರೆದು, ಚೀಲ ಹೊಲಿಯುವ ದಾರದಿಂದ ನಾನೇ ಹೊಲಿದಿದ್ದೇನೆ.

‘ಬೆಳ್ಳಿಬಾಗಿಲ ಸೊಸೆಯರು’ ಐದು ಪುಸ್ತಕ. ಮನೆಯ ಐದು ಗಂಡುಮಕ್ಕಳಿಗೂ ಒಂದೊಂದು ಪುಸ್ತಕದಲ್ಲಿ ಮದುವೆ. ಮೂರನೆಯವನು ಮಹಾ ಕೊಬ್ಬಿನವನು, ನನಗೆ ಅವನೇ ಇಷ್ಟ. ಇಷ್ಟೆಲ್ಲ ಓದಿದೆನಲ್ಲ, ಒಬ್ಬ ನಾಯಕನೂ ಹಸು ಕಟ್ಟಿದವನಲ್ಲ, ಮುಂಜಾನೆ ಸಗಣಿ ಬಾಚಿದವನಲ್ಲ. ಎಲ್ಲರಿಗೂ ಎಸ್ಟೇಟು. ಇರಲಿ ಬಿಡು, ಸಗಣಿ ಬಾಚುವವರು ಮನೆಯಲ್ಲೇ ಇದ್ದಾರೆ. ಅಂದ ಹಾಗೆ, ತಲೆ ಕೆಟ್ಟಿಲ್ಲ ಅಂದಿದ್ದ ಆ ನಿಮ್ಮಪ್ಪ ಈಗ ನಾನು ಓದುವಾಗ ಹುಲ್ಲು ಹಾಕುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಾರೆ. ನಿನ್ನೆ, “ಆ ಉಡ್ಗಿ ತವ್ರಿಗೆ ಓಗ್ಬುಟ್ಲಲ್ಲ, ಆಮ್ಯಾಕೇನಾಯ್ತೇ?” ಎಂದು ಕೇಳಿದರು. ನಾನು ಹೇಳಲಿಲ್ಲ. ಸ್ವಲ್ಪ ಕಾಯಲಿ.

ಕೊನೆಗೆ ‘ಚಂದ್ರವಂಕಿ’. ಇದು ಏಳು ಪುಸ್ತಕಗಳ ಕಥೆ ಎಂದು ನಮಗೆ ಆಗ ಗೊತ್ತೇ ಇರಲಿಲ್ಲ. ನೀನು ಬಿಟ್ಟ ಜಾಗದಲ್ಲಿ ಚೀಟಿ ಹಾಗೇ ಇದೆ, ನಾನು ತೆಗೆದಿಲ್ಲ. ಅಲ್ಲಿಂದಲೇ ಶುರು ಮಾಡು.

ಇನ್ನೊಂದು ಮಾತು, ಇದನ್ನು ಯಾರಿಗೂ ಹೇಳಬೇಡ. ನಿನ್ನ ಅತ್ತೆ ರಾಧಾಮಣಿಯವರು ಮನೆಯಲ್ಲಿ ತಮಿಳು ಆಡುವವರು, ಕನ್ನಡ ಓದಲು ಬರುವುದಿಲ್ಲ, ಆದರೆ ಚೆನ್ನಾಗಿ ಅರ್ಥವಾಗುತ್ತದೆ. ಅವರು ಸೊಪ್ಪು ಬಿಡಿಸಲು ಕೂತಾಗ ನಿನ್ನ ಮಂಚದ ಹತ್ತಿರಕ್ಕೆ ಕರೆದು ‘ನೂರೊಂದು ಮುನಿಸು’ ಗಟ್ಟಿಯಾಗಿ ಓದು. ಒಳ್ಳೆ ಜಾಗದಲ್ಲಿ ನಿಲ್ಲಿಸು. ನಿನಗೆ ಆ ಕಲೆ ಹೇಳಿಕೊಡಬೇಕಾಗಿಲ್ಲ, ನನ್ನನ್ನು ಹಾಗೆ ಸಾಕಷ್ಟು ಸತಾಯಿಸಿದ್ದೀಯ. ಎರಡು ದಿನ ಕಳೆಯಲಿ, ನೀನು ಏಳುತ್ತೇನೆ ಅಂದರೂ ಅವರೇ ಏಳಲು ಬಿಡುವುದಿಲ್ಲ. ಆಗ ನೀನು ಮಲಗಿರುವುದು ಸೋಮಾರಿತನವಲ್ಲ, ಅದು ಮನೆಗೆ ಬೇಕಾದ ಕೆಲಸ.

ನನಗೆ ಭಯವಿಲ್ಲ ಎಂದು ಬರೆಯಬೇಕೆಂದಿದ್ದೆ. ಬರೆದರೆ ನೀನು ನಂಬುವುದಿಲ್ಲ. ಭಯ ಇದೆ. ಅದಕ್ಕೇ ಇಷ್ಟು ದಪ್ಪದ ಚೀಲ.

ಬಸ್ಸಿನ ಕಂಡಕ್ಟರ್ ಚೀಲವನ್ನು ಬಾಲಾಜಿಯ ಅಂಗಡಿಗೆ ಮುಟ್ಟಿಸುತ್ತಾನೆ. ಬೂಸಾ ವಾಸನೆ ಹೊಡೆದರೆ ಮೂಗು ಮುರಿಯಬೇಡ, ನಿನ್ನ ತವರಿನ ವಾಸನೆ ಅದು. ನನಗೆ ಒಂದು ಕಾಗದ ಬರಿ. ಫೋನಿನಲ್ಲಿ ಹೇಳಬೇಡ, ಬರಿ. ಮಗಳ ಕಾಗದವನ್ನು ನಾನೇ ಒಡೆದು ನಾನೇ ಓದಬೇಕು.

ಇಂತಿ ನಿನ್ನ ಅಮ್ಮ,
ಆದಿಲಕ್ಷ್ಮಮ್ಮ
(ನೋಡು, ಹೆಬ್ಬೆಟ್ಟಲ್ಲ)

ತಾ.ಕ.: ಚೀಲ ಸುರಿದ ಕೂಡಲೇ ನೀನು ‘ಚಂದ್ರವಂಕಿ’ಯ ಏಳನೇ ಪುಸ್ತಕ ಹುಡುಕುತ್ತೀಯ. ಅದು ಅದರಲ್ಲಿಲ್ಲ, ಪಾಪದ ಕಂಡಕ್ಟರನನ್ನು ಬೈಯಬೇಡ. ನನ್ನ ಸೀರೆಗಳ ಕೆಳಗಿದೆ. ನಾನೂ ಅದನ್ನು ತೆರೆದಿಲ್ಲ. ವೆಂಕಟರತ್ನಮ್ಮ ದಿನಾ ಕೇಳಿ ಮುಖ ಊದಿಸಿಕೊಂಡಿದ್ದಾಳೆ, ಕೊಟ್ಟಿಲ್ಲ. ಆಯುಧಪೂಜೆ ಕಳೆದು ನಿನ್ನ ದಿನ ತುಂಬಿದಾಗ ತರುತ್ತೇನೆ. ಅದಕ್ಕೂ ಮುಂಚೆ ಓಡಿ ಬರಬೇಕಾಗಿ ಬಂದರೂ, ಏನೇ ಆಗಿದ್ದರೂ, ಅದನ್ನು ಹಿಡಿದುಕೊಂಡೇ ಬರುತ್ತೇನೆ. ಆದರೆ ಹಾಗಾಗುವುದಿಲ್ಲ, ನನ್ನ ಮಾತು ನಂಬು. ಆವತ್ತು ನಾನು ಹಾಲು ಕರೆಯುತ್ತಿದ್ದೆ, ಪುಸ್ತಕ ನೀನು ಹಿಡಿದಿದ್ದೆ. ಈ ಸಲ ನಿನ್ನ ಕೈಯಲ್ಲಿ ಮಗು ಇರುತ್ತದೆ, ಪುಸ್ತಕ ನಾನು ಹಿಡಿಯುತ್ತೇನೆ.