ಬದಲಿ ಬಂದವಳ ಗತ್ತು

ಶ್ರೀಮತ್ ಚೈತ್ರಶ್ರೀ ಮೇಡಮ್ಮನವರ ಸನ್ನಿಧಾನಕ್ಕೆ,

ಎಸ್ಟೇಟ್ ಕೂಲಿ ಲೈನಿನ ಕೊನೇ ಮನೆಯಿಂದ ನಿಮ್ಮ ಅಜ್ಜಿ ಬೆಟ್ಟಮ್ಮ ಬರೆಯುವುದು. ಇಲ್ಲಿ ಕೋಳಿ ಕ್ಷೇಮ, ನಾಯಿ ಕ್ಷೇಮ, ನಿಮ್ಮವ್ವ ಲಕ್ಷ್ಮಿಯ ಸೊಂಟ ಹೋದ ವರ್ಷ ಇದ್ದಷ್ಟೇ ಕ್ಷೇಮ. ತಮ್ಮ ಕ್ಷೇಮ ಕೇಳುವ ಅಗತ್ಯ ಕಾಣಲಿಲ್ಲ. ಫೋನಿನಲ್ಲಿ ನೋಡಿದೆ, ಚೆನ್ನಾಗಿಯೇ ಮಿಂಚುತ್ತಿದ್ದೀರಿ.

ತಾವು, ತಮ್ಮ ಅಂತ ಇಷ್ಟು ಬರೆಯುವುದರಲ್ಲೇ ನನಗೆ ಕೈ ನೋವು ಬಂತು. ಇನ್ನು ನೀನು ಅಂತಲೇ ಬರೆಯುತ್ತೀನಿ. ಫೋನ್ ಮಾಡಿದರೆ ಟ್ರೈನಿಂಗಲ್ಲಿದ್ದೀನಿ ಅಜ್ಜಿ ಅಂತ ಕಟ್ ಮಾಡುತ್ತೀಯ. ಕಾಗದಕ್ಕೆ ಆ ಗುಂಡಿ ಇಲ್ಲ. ಹರಿದು ಹಾಕಬಹುದು, ಆದರೆ ನನ್ನ ಮೊಮ್ಮಗಳು ನೀನು, ಅಜ್ಜಿ ಏನು ಬೈದಿದ್ದಾಳೆ ಅಂತ ಓದದೆ ಹರಿಯುವವಳಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಬರಹ ಇದು. ನಗುವುದಾದರೆ ಪೂರ್ತಿ ಓದಿ ಆಮೇಲೆ ನಗು.

ನಿನ್ನ ಆ ವೀಡಿಯೋನ ನನಗೆ ತೋರಿಸಿದ್ದು ಪಕ್ಕದ ಮನೆ ಕೆಂಚಮ್ಮ. ಮದುವೆ ಸಿಹಿ ಹಂಚುವವಳ ಹಾಗೆ ಫೋನ್ ಹಿಡಿದುಕೊಂಡು ಬಂದಳು. ಅದರೊಳಗೆ ನೀನು. ಮನೆ ಒಳಗೆ ಕಪ್ಪು ಕನ್ನಡಕ. ತಲೆಕೂದಲಿಗೆ ಒಣಗಿದ ಜೋಳದ ಕೂದಲಿನ ಬಣ್ಣ. ಪಕ್ಕದಲ್ಲಿ ಆ ಗುರು ಅನ್ನುವವನು, ನಿನ್ನ ಮ್ಯಾನೇಜರಂತೆ, ಎರಡು ಕೈಯಲ್ಲೂ ಒಂದೊಂದು ಫೋನ್ ಹಿಡಿದು ಕೂತಿದ್ದ. ಕೆಲಸ ಮಾಡದೆ ಇರುವುದಕ್ಕೆ ಇದೂ ಒಂದು ಉಪಾಯ ಅಂತ ನನಗೆ ಅವತ್ತು ತಿಳಿಯಿತು. ಭಾನುವಾರ ಹಾಸನದಲ್ಲಿ ನಿನ್ನ ಎದುರಿಗೆ ಬಾಕ್ಸಿಂಗ್ ಆಡಬೇಕಿದ್ದ ದಾವಣಗೆರೆ ಹುಡುಗಿ ಬೆರಳು ಮುರಿದುಕೊಂಡಿದ್ದಾಳೆ, ಅವಳ ಬದಲಿಗೆ ಆಲೂರಿನ ಬಿಂದುಶ್ರೀ ಬರುತ್ತಾಳಂತೆ, ನೀವೇನು ಹೇಳುತ್ತೀರಿ ಅಂತ ಯಾರೋ ಕೇಳಿದರು. ನೀನು ಹೇಳಿದ್ದನ್ನು ಹಾಗೇ ಬರೆಯುತ್ತೀನಿ, ಮರೆತಿದ್ದರೆ ಓದಿಕೋ.

"ಬದಲಿಗೆ ಯಾರನ್ನೋ ಹಿಡ್ಕೊಂಡು ಬಂದ್ರೆ ನಾನು ಆಡಲ್ಲ. ಶುಂಠಿ ತೊಳೆಯೋ ಹುಡುಗಿ ಅವಳು. ನನ್ನ ಲೆವೆಲ್ ಏನು, ಅವಳ ಲೆವೆಲ್ ಏನು."

ಗುರು ಬಸ್ಸಿನ ಮುಂದೆ ಇಟ್ಟ ಬೊಂಬೆ ಹಾಗೆ ತಲೆ ಆಡಿಸಿದ.

ಕೆಂಚಮ್ಮ ಫೋನ್ ಆರಿಸಿ ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ತಣ್ಣಗೆ ಕೇಳಿದಳು, "ನಿಮ್ಮ ಚೈತ್ರ ಮೊದ್ಲು ಏನು ತೊಳೀತಿದ್ಲು, ಬೆಟ್ಟಕ್ಕ?" ನನಗೆ ಬಾಯಿ ಕಟ್ಟಿತು ಕಣೇ. ಈ ಲೈನಿನಲ್ಲಿ ಇಷ್ಟು ವರ್ಷ ಬಾಯಿಂದಲೇ ಬದುಕಿದವಳಿಗೆ, ಆ ಕೆಂಚಮ್ಮನ ಎದುರಿಗೆ, ಬಾಯಿ ಕಟ್ಟಿತು. ಅದಕ್ಕೆ ನಿನ್ನನ್ನು ಎಂದಿಗೂ ಕ್ಷಮಿಸಲ್ಲ. ಮಿಕ್ಕಿದ್ದಕ್ಕೆ ಬೇಕಾದರೆ ಯೋಚನೆ ಮಾಡುತ್ತೀನಿ.

ಬದಲಿ ಅಂದರೆ ಏನು ಅಂತ ನಿನಗೆ ಹಾಸನದಲ್ಲಿ ಮರೆತುಹೋಗಿರಬಹುದು. ನಮ್ಮ ಎಸ್ಟೇಟಿನಲ್ಲಿ ಬೆಳಿಗ್ಗೆ ಸ್ಟೋರಿನ ಮುಂದೆ ರೈಟರ್ ಸೋಮಯ್ಯ ಹಾಜರಿ ಕೂಗುವುದು. ಒಬ್ಬಳು ಹುಷಾರಿಲ್ಲದೆ ಮಲಗಿದರೆ ಅವಳ ಮನೆಯಿಂದ ಇನ್ನೊಬ್ಬಳು ಬದಲಿ ಹೋಗಬೇಕು, ಮಲಗಿದವಳ ಹೆಸರು ಕೂಗಿದಾಗ ಬಂದೆ ಅನ್ನಬೇಕು. ಮಲಗಿದವಳ ಜಾಗ ಹೋಗಬಾರದು ಅಂತ ಹಿಂದಿನಿಂದ ನಡೆಸಿಕೊಂಡು ಬಂದದ್ದು. ಬದಲಿ ಹೋದವಳು ತನ್ನ ಹೆಸರು ಎತ್ತುವ ಹಾಗಿಲ್ಲ. ಸೋಮಯ್ಯನಿಗೂ ಮುಖ ಬೇಡ, ಧ್ವನಿ ಬಂದರೆ ಸಾಕು. ನಿಮ್ಮವ್ವನ ಸೊಂಟ ಹಿಡಿದ ವರ್ಷ ನೀನು ಪೂರ್ತಿ ಕುಯ್ಲು ಲಕ್ಷ್ಮಿ ಅಂದರೆ ಬಂದೆ ಅಂದವಳು. ಹಗಲು ಲಕ್ಷ್ಮಿ, ಸಂಜೆ ಬಾಳ್ಳುಪೇಟೆಯಲ್ಲಿ ನವೀನ್‌ಕುಮಾರನ ಟೈರ್ ಅಂಗಡಿ ಮಹಡಿ ಮೇಲೆ ಅವನಿಂದ ಗುದ್ದು ಕಲಿಯುವ ಚೈತ್ರ. ಲಾರಿ ಟೈರಿಗೆ ಗುದ್ದಿ ಗುದ್ದಿ ಬಂದು, ರೊಟ್ಟಿ ಮುರಿಯುವುದಕ್ಕೆ ಕೈ ಬಗ್ಗಲ್ಲ ಅಂತ ನನ್ನ ಕೈಯಿಂದ ತಿನ್ನಿಸಿಕೊಳ್ಳುತ್ತಿದ್ದೆ. ಹೆಣ್ಣುಮಕ್ಕಳು ಮೂತಿ ಮೂತಿ ಗುದ್ದಿಕೊಳ್ಳುವುದನ್ನು ಟಿಕೆಟ್ ಕೊಟ್ಟು ನೋಡುವ ಜನರ ಬಗ್ಗೆ ನನಗೆ ಆಗಲೂ ಗೌರವ ಇರಲಿಲ್ಲ, ಈಗಲೂ ಇಲ್ಲ. ಆದರೂ ತಿನ್ನಿಸಿದೆ.

ಆಮೇಲೆ ಮಂಗಳೂರು. ಅದನ್ನು ನೀನು ಈಗ ಎಲ್ಲರಿಗೂ ಹೇಗೆ ಹೇಳುತ್ತೀಯೋ ಕೇಳಿದ್ದೀನಿ. ಅವಕಾಶ ಬಂತು, ಹಿಡ್ಕೊಂಡೆ ಅನ್ನುತ್ತೀಯ. ಬಂದದ್ದು ಅವಕಾಶ ಅಲ್ಲ ಕಣೇ, ಅಲ್ಲಿ ಆಡಬೇಕಿದ್ದ ಹುಬ್ಬಳ್ಳಿ ಕಸ್ತೂರಿಗೆ ಬಂದ ಅಮ್ಮ. ಮೈಯೆಲ್ಲ ಬೊಬ್ಬೆ ಎದ್ದು ಅವಳು ಮಲಗಿಬಿಟ್ಟಳು. ಎದುರಿಗೆ ಮಂಗಳೂರಿನ ಶೀಲಾ, ಗೋಡೆಗೋಡೆಯ ಮೇಲೂ ಅವಳದೇ ಪೋಸ್ಟರು. ಅವಳ ಎದುರು ಅಷ್ಟು ಅವಸರದಲ್ಲಿ ನಿಲ್ಲುವುದಕ್ಕೆ ತಿಳಿದವರು ಯಾರೂ ಒಪ್ಪಲಿಲ್ಲ. ಕೊನೆಗೆ ನವೀನ್‌ಕುಮಾರನಿಗೆ ಫೋನ್ ಬಂತು. ಅವನು ನಮ್ಮ ತೋಟದ ತನಕ ಬೈಕಿನಲ್ಲಿ ಬಂದು, ಮೆಣಸಿನ ಏಣಿ ಮೇಲಿದ್ದ ನಿನಗೆ ಕೆಳಗಿನಿಂದಲೇ ಹೇಳಿದ, "ಸೋಲೋಕೆ ಒಬ್ಳು ಬೇಕಂತೆ, ಹೋಗ್ತೀಯ?" ನೀನು ಇಳಿದು ಸೊಂಟದ ಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟೆ. ಸೋಲುವುದಕ್ಕೆ ಅಂತಲೇ ಕರೆಸಿದವಳಿಗೆ ಯಾವ ಲೆವೆಲ್ ಇತ್ತು ಅಂತ ನಿನ್ನ ಗುರುವನ್ನು ಕೇಳಿ ನೋಡು. ಎರಡು ಫೋನಿನಲ್ಲಿ ಯಾವುದರಲ್ಲಾದರೂ ಸಿಗಬಹುದು.

ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ನಿನಗೆ ತೂಕ ಸಾಲದು ಅಂತ ನವೀನ್‌ಕುಮಾರ ಬಾಳೆಹಣ್ಣು ತುರುಕುತ್ತಲೇ ಇದ್ದ. ಶಿರಾಡಿ ಘಾಟಿಯ ತಿರುವಿನಲ್ಲಿ ಅಷ್ಟೂ ನನ್ನ ಸೀರೆ ಮೇಲೆ ಬಂತು. ನಿನ್ನ ಅಂಗಿಯ ಮೇಲೂ ಬಂತು. ಅಲ್ಲಿ ಹೋಗಿ ಇಳಿದಾಗ ನಾವು ಮೂವರೂ ಹೆಣ ಹೊತ್ತುಕೊಂಡು ಬಂದವರ ಹಾಗಿದ್ದೆವು. ಗ್ಲೌಸ್ ಕೊಟ್ಟರು, ಚಡ್ಡಿ ಕೊಟ್ಟರು. ಚಡ್ಡಿಯ ಮೇಲೆ ಕಸ್ತೂರಿ ಹೆಸರು. ಮೈಕಿನವನೂ ಹಳೇ ಚೀಟಿ ನೋಡಿ ಹುಬ್ಬಳ್ಳಿಯ ಕಸ್ತೂರಿ ಅಂತಲೇ ಕೂಗಿದ. ಬೇರೆ ಯಾರಾಗಿದ್ದರೂ ನಾನು ಅವಳಲ್ಲ ಅನ್ನುತ್ತಿದ್ದರು. ನೀನು ಲೈನಿನ ಹುಡುಗಿ, ಕೈ ಎತ್ತಿ "ಬಂದೆ" ಅಂದುಬಿಟ್ಟೆ. ಸೇರಿದ ಜನವೆಲ್ಲ ಗೊಳ್ಳೆಂದಿತು. ನನಗೆ ನಗು ಬರಲಿಲ್ಲ. ನೀನು ಅಂದದ್ದು ಸರಿಯಾಗಿಯೇ ಇತ್ತು.

ಮೊದಲ ಸುತ್ತಿನಲ್ಲಿ ಅವಳು ನಿನ್ನನ್ನು ಹಿಟ್ಟು ನಾದಿದ ಹಾಗೆ ನಾದಿದಳು. ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಆಮೇಲೆ ಯಾವಾಗಲೋ ನೀನು ಸೌದೆ ಸೀಳುವ ಹಾಗೆ ಒಂದು ಬಲಗೈ ಬೀಸಿದೆ, ಶೀಲಾ ಕುಕ್ಕರಿಸಿದಳು, ಏಳಲಿಲ್ಲ. ಮೈಕಿನವನು ಕಸ್ತೂರಿ ಗೆದ್ದರು ಅಂದ. ನೀನು ಅದಕ್ಕೂ ಕೈ ಎತ್ತಿಕೊಂಡು ನಿಂತೇ ಇದ್ದೆ, ನನ್ನ ಹೆಸರು ಅದಲ್ಲ ಅನ್ನಲಿಲ್ಲ. ನವೀನ್‌ಕುಮಾರ ಓಡಿಹೋಗಿ ಮೈಕು ಕಿತ್ತುಕೊಂಡು ಕಿರುಚಿದ, "ಕಸ್ತೂರಿ ಮನೇಲಿ ಮಲಗವ್ಳೆ ಕಣ್ರೀ, ಇವ್ಳು ನಮ್ಮ ಚೈತ್ರ." ಅದನ್ನು ಯಾರೋ ಫೋನಿನಲ್ಲಿ ಹಿಡಿದರು, ಊರೂರಿಗೆ ಹರಡಿತು. ಅಲ್ಲಿಂದ ನಿನಗೆ ಕರೆ ಬರುವುದು ಶುರು. ಬೇರೆಯವಳ ಚಡ್ಡಿ, ಬೇರೆಯವಳ ಹೆಸರು, ಬೇರೆಯವಳ ಕಾಯಿಲೆ. ನಿನ್ನದು ಅಂತ ಇದ್ದದ್ದು ಆ ಬಲಗೈ ಒಂದೇ. ಅದು ಸಣ್ಣದು ಅಂತ ನಾನು ಹೇಳಲ್ಲ. ಆದರೆ ಅದನ್ನು ಬೀಸುವುದಕ್ಕೆ ಜಾಗ ಬೇಕಿತ್ತಲ್ಲ, ಆ ಜಾಗ ಕೊಟ್ಟವರು ಯಾರು ಅಂತ ಈಗ ಹೇಳುತ್ತೀನಿ, ಕನ್ನಡಕ ತೆಗೆದು ಓದು.

ಆಟಕ್ಕೆ ಮುಂಚೆ ನಾನು ನಲ್ಲಿಯಲ್ಲಿ ನಿನ್ನ ಅಂಗಿ ಉಜ್ಜುತ್ತಾ ಇದ್ದೆ. ನೀನು ಆಚೆ ತೂಕದ ಮಿಷನ್ ಮೇಲೆ ನಿಂತು ಹೊಟ್ಟೆ ಉಬ್ಬಿಸುತ್ತಿದ್ದೆ. ಪರದೆ ಆ ಕಡೆ ಶೀಲಾ ಶೂ ಕಟ್ಟಿಕೊಳ್ಳುತ್ತಿದ್ದಳು. ಅವಳ ಮಾವನೋ ಯಾರೋ ಒಬ್ಬ ಬಿಳೀ ಬಟ್ಟೆಯವನು ಅವಳ ತಲೆ ತಿನ್ನುತ್ತಿದ್ದ. ಮೆಣಸು ಕುಯ್ಯುವವಳನ್ನು ಕರೆದುಕೊಂಡು ಬಂದಿದ್ದಾರೆ, ಗೆದ್ದರೆ ಹೆಸರಿಲ್ಲ, ಸೋತರೆ ಮಾನ ಇಲ್ಲ, ಆಡುವುದಿಲ್ಲ ಅಂತ ಹೇಳು, ಇವರಿಗೆ ಏನೂ ಮಾಡುವುದಕ್ಕೆ ಆಗುವುದಿಲ್ಲ ಅಂತ. ಆ ಹುಡುಗಿ ತಲೆ ಎತ್ತದೆ ಹೇಳಿದಳು, "ಅಷ್ಟು ದೂರದಿಂದ ಬಂದಿದ್ದಾಳೆ. ಬಂದವಳನ್ನು ವಾಪಸ್ ಕಳಿಸುವುದು ಹೇಗೆ ಮಾವ? ನಾನು ಆಡ್ತೇನೆ."

ಅವಳು ಅವತ್ತು ಒಂದೇ ಒಂದು ಸಲ ಬೇಡ ಅಂದಿದ್ದರೆ ನೀನು ಒದ್ದೆ ಅಂಗಿ ಹಾಕಿಕೊಂಡು ಅದೇ ಬಸ್ಸು ಹತ್ತುತ್ತಿದ್ದೆ, ಬೆಳಿಗ್ಗೆ ಸೋಮಯ್ಯನ ಮುಂದೆ ಲಕ್ಷ್ಮಿ ಆಗಿ ನಿಂತಿರುತ್ತಿದ್ದೆ. ಆಡಿದಳು, ಬಿದ್ದಳು, ಪೋಸ್ಟರಿನಿಂದ ಇಳಿದಳು. ಈಗ ಎಲ್ಲೋ ಸ್ಕೂಲು ಮಕ್ಕಳಿಗೆ ಗುದ್ದುವುದು ಹೇಳಿಕೊಡುತ್ತಾಳಂತೆ. ಆ ಶೀಲಾ ಕಥೆ ಮುಗೀತು ಅಂತ ನೀನು ಇನ್ನೊಂದು ವೀಡಿಯೋದಲ್ಲಿ ನಕ್ಕದ್ದನ್ನೂ ಕೆಂಚಮ್ಮ ತೋರಿಸಿದಳು. ಅವಳಿಗೆ ಬೇರೆ ಕೆಲಸ ಇಲ್ಲ. ನಿನಗೂ ಇಲ್ಲ ಅಂತ ಕಾಣುತ್ತೆ.

ನಿನ್ನ ಲೆವೆಲ್ಲಿನ ಮಾತು ನನಗೆ ಅರ್ಥ ಆಗದೆ ಇರುವುದೇನೂ ಅಲ್ಲ. ಅದರ ಹೆಸರು ಭಯ. ಬದಲಿ ಬಂದವಳಿಗೆ ಕಳೆದುಕೊಳ್ಳುವುದಕ್ಕೆ ಏನೂ ಇರಲ್ಲ, ಹೊಟ್ಟೆಯಲ್ಲಿ ಬಾಳೆಹಣ್ಣೂ ಇರಲ್ಲ, ಅಂಥವಳು ಎಷ್ಟು ಗಟ್ಟಿಯಾಗಿ ಹೊಡೆಯುತ್ತಾಳೆ ಅಂತ ನಿನಗಿಂತ ಚೆನ್ನಾಗಿ ಗೊತ್ತಿರುವವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ. ಭಯ ಆಗುತ್ತೆ ಅಜ್ಜಿ ಅಂತ ಫೋನ್ ಮಾಡಿದ್ದರೆ ಆ ಕ್ಷಣವೇ ಬಂದು ನಿನ್ನ ತಲೆ ನೇವರಿಸುತ್ತಿದ್ದೆ, ಆ ಬಣ್ಣ ಕೈಗೆ ಹತ್ತಿದರೂ ಪರವಾಗಿಲ್ಲ ಅಂತ. ಭಯ ಪಟ್ಟವಳ ಮೇಲೆ ನನಗೆ ಅಸಹ್ಯ ಇಲ್ಲ. ಭಯಕ್ಕೆ ಜರಿ ಸೀರೆ ಉಡಿಸಿ ಕೂರಿಸುವವಳ ಮೇಲೆ ಐತೆ.

ಸೋಮವಾರ ಆನೇಮಹಲಿನಲ್ಲಿ ಬಸ್ಸು ಹತ್ತಿ ಆಲೂರಿಗೆ ಹೋಗಿದ್ದೆ. ಯಾಕೆ ಅಂತ ನಿಮ್ಮವ್ವನಿಗೂ ಹೇಳಲಿಲ್ಲ. ಶುಂಠಿ ತೊಳೆಯುವ ಜಾಗ ವಾಸನೆ ಹಿಡಿದು ಹೋದರೆ ಸಿಗುತ್ತೆ. ಬಿಂದುಶ್ರೀ ಕೆಸರಿನಲ್ಲಿ ಬೂಟು ಹಾಕಿಕೊಂಡು ಪೈಪು ಹಿಡಿದು ನಿಂತಿದ್ದಳು. ತಲೆಗೆ ಎಣ್ಣೆ ಇಲ್ಲ, ಮಾತಿಗೆ ಮುಂಚೆ ಹಲ್ಲು ಬಿಡುತ್ತಾಳೆ. ದೇವತೆ ಏನಲ್ಲ. ಯಾರ ಕಡೆಯವ್ರಜ್ಜಿ ಅಂದಳು. ನಿನಗೆ ಹೊಡೆಯಬೇಕಾಗಿರುವವಳ ಕಡೆಯವಳು, ಅವಳ ಅಜ್ಜಿ ಅಂದೆ. ನಕ್ಕು, ಕೈ ತೊಳೆದು, ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ನಿನ್ನ ಮನೆಯಲ್ಲಿ ಕುರ್ಚಿಗಳು ಬೇಕಾದಷ್ಟಿವೆ, ಹೋದ ಸಲ ನಾನು ಬಂದಾಗ ಗುರು ಯಾವುದರಿಂದಲೂ ಎದ್ದಿರಲಿಲ್ಲ.

ಅವರಪ್ಪ ರಾಮಯ್ಯ, ಹೆಣ್ಣುಮಗಳು ಏಟು ತಿನ್ನುವುದನ್ನು ನೋಡಲ್ಲ ಅಂತ ಹಟ ಹಿಡಿದಿದ್ದಾನಂತೆ. ಅವಳ ಕಡೆಯಿಂದ ಭಾನುವಾರ ಒಬ್ಬರೂ ಬರಲ್ಲ. ಚೈತ್ರ ಬರದೆ ಹೋದರೆ ಏನು ಮಾಡುತ್ತೀಯ ಅಂತ ಕೇಳಿದೆ. ಮತ್ತೆ ಪೈಪು ಎತ್ತಿಕೊಂಡು ಹೇಳಿದಳು, "ದೊಡ್ಡೋರು ಅಜ್ಜಿ ಅವ್ರು, ಬ್ಯಾಡ ಅಂದ್ರೆ ಬ್ಯಾಡ. ಆದ್ರೆ ಒಂದ್ಸಲ ಹೊಡ್ದು ನೋಡಿ ಬ್ಯಾಡ ಅನ್ಬೋದಿತ್ತು."

ಆ ಮಾತು ಕೇಳಿ ನಾನು ಕುರ್ಚಿಯಿಂದ ಎದ್ದೆ. ಎದ್ದು ಅವಳಿಗೆ ನಿನ್ನ ಗುಟ್ಟು ಹೇಳಿಕೊಟ್ಟು ಬಂದೆ. ಬಲಗೈ ಬಿದ್ದ ಮೇಲೆ ನಿನ್ನ ಎಡಗೈ ಇಳಿಯುತ್ತೆ. ಜನ ಚಪ್ಪಾಳೆ ಹೊಡೆದರಾ ಅಂತ ಒಂದು ಗಳಿಗೆ ಆ ಕಡೆ ಕಣ್ಣು ಹೊರಳಿಸುತ್ತೀಯ. ಮೊದಲು ಇರಲಿಲ್ಲ ಆ ಚಟ, ಇತ್ತೀಚೆಗೆ ಬಂದದ್ದು. ಆ ಗಳಿಗೆಗೆ ಕಾದಿದ್ದು ಹೊಡಿ ಮಗಳೇ ಅಂದೆ. ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ನಿಮ್ಮ ಮೊಮ್ಮಗಳಲ್ವಾ ಅಜ್ಜಿ ಅಂದಳು. ಹೌದು, ಅದಕ್ಕೇ ಗೊತ್ತಿರೋದು ಅಂದೆ.

ಅವಳು ಪೈಪು ಇಟ್ಟು ಒಂದೆರಡು ಗುದ್ದು ಗಾಳಿಗೆ ಬೀಸಿ ತೋರಿಸಿದಾಗ ಅವಳದೂ ಒಂದು ತಪ್ಪು ನನ್ನ ಕಣ್ಣಿಗೆ ಬಿತ್ತು. ನಿನಗೆ ಹೇಳಲ್ಲ. ಒಳಗೆ ಹೋಗಿ ನೀನೇ ಹುಡುಕಿಕೋ.

ಈ ಕಾಗದ ನವೀನ್‌ಕುಮಾರನ ಕೈಯಲ್ಲಿ ಕೊಡುತ್ತಿದ್ದೀನಿ. ಅವನು ನಿನಗೆ ಹೆದರುತ್ತಾನೆ, ನನಗೆ ಇನ್ನೂ ಹೆಚ್ಚು ಹೆದರುತ್ತಾನೆ, ಹಾಗಾಗಿ ತಲುಪಿಸುತ್ತಾನೆ. ಭಾನುವಾರ ನಾನು, ನಿಮ್ಮವ್ವ ಮೊದಲನೇ ಬಸ್ಸಿಗೆ ಬರುತ್ತೀವಿ. ಲಕ್ಷ್ಮಿ ನಿನ್ನ ಕಡೆ ಕೂರುತ್ತಾಳೆ, ಹೆತ್ತವಳಿಗೆ ಬೇರೆ ದಾರಿ ಇಲ್ಲ. ನಾನು ಆ ಹುಡುಗಿ ಕಡೆ ಕೂರುತ್ತೀನಿ. ನೀನು ರಿಂಗಿನಿಂದ ನನ್ನನ್ನು ನೋಡಿ ಮುಖ ಸಿಂಡರಿಸಬೇಡ, ನೋಡುವುದಕ್ಕೆ ಅಂತ ತಿರುಗಿದರೆ ಗದ್ದಕ್ಕೆ ಬೀಳುತ್ತೆ.

ಕಡುಬು, ಕೋಳಿ ಸಾರು ಮಾಡಿ ತರುತ್ತೀನಿ, ಇಬ್ಬರಿಗೂ ಆಗುವಷ್ಟು. ಆಟ ಮುಗಿದ ಮೇಲೆ ಸೋತವಳಿಗೆ ಮೊದಲು ಬಡಿಸುತ್ತೀನಿ, ಗೆದ್ದವಳು ಸ್ವಲ್ಪ ಹೊತ್ತು ಕಾಯಲಿ, ಅವಳಿಗೆ ಅದೇನು ಕಷ್ಟ ಅಲ್ಲ. ಆಡದೆ ಹೋದವಳಿಗೆ ಎಲೆ ಹಾಕಲ್ಲ.

ಕೈ ಕೆನ್ನೆಗೆ ಒತ್ತಿರಲಿ, ಕಣ್ಣು ಎದುರಿಗಿರಲಿ, ಮೂಗು ಈಗ ಇರುವ ಹಾಗೇ ಇರಲಿ ಎಂದು, ಬೈಯುತ್ತಲೇ ಹರಸುವ,

ನಿನ್ನ ಅಜ್ಜಿ
ಬೆಟ್ಟಮ್ಮ